ಒಥೆಲೋಗೆ ಮಸಿ ಬಳಿಯೋದ್ಯಾಕೆ ಸ್ವಾಮಿ?

ಈ ವಾರ ಬಂದ ಕಾಗದಗಳ ಕಟ್ಟಿನಲ್ಲಿ ಒಂದು ಕಾಗದ ಮಿಕ್ಕ ಎಲ್ಲವನ್ನೂ ಪಕ್ಕಕ್ಕೆ ಸರಿಸಿಬಿಟ್ಟಿತು. ಉತ್ತರ ಕನ್ನಡ ಜಿಲ್ಲೆಯ ಓದುಗ ಮಿತ್ರರೊಬ್ಬರು ಬರೆದದ್ದು. ಎಂಟು ಪುಟ! ಯಾವ ನಟಿಗೆ ಯಾರ ಜೊತೆ ಮದುವೆ, ಯಾರ ಕಟೌಟು ಎಷ್ಟು ಅಡಿ ಅಂತ ಕೇಳುವ ಕಾಗದವಲ್ಲ. ಇವರಿಗೆ ಡೈರೆಕ್ಟರ್ ಆಗೋ ಆಸೆ. (ಯಾರಿಗಿಲ್ಲ ಹೇಳಿ! ಒಂದು ಕಾಲಕ್ಕೆ ನನಗೂ ಇತ್ತು.) ಶೇಕ್ಸ್‌ಪಿಯರನ 'ಒಥೆಲೋ' ನಾಟಕವನ್ನು ಕನ್ನಡ ಅನುವಾದದಲ್ಲಿ ಓದಿದ್ದಾರೆ. ಆ ರಾತ್ರಿ ನಿದ್ದೆ ಬಂದಿಲ್ಲ. ಅದನ್ನೇ ತಮ್ಮ ಸೀಮೆಗೆ ತಂದು ಸ್ಕ್ರಿಪ್ಟ್ ಮಾಡಿದ್ದಾರೆ. ವೆನಿಸ್ ಪಟ್ಟಣದ ಬದಲು ಯಲ್ಲಾಪುರದ ಸುತ್ತಿನ ಕಾಡು. ಸೇನಾಪತಿಯ ಬದಲು ಸಿದ್ದಿ ಜನಾಂಗದ ಒಬ್ಬ ಲಾರಿ ಡ್ರೈವರು. ಅಡಿಕೆ ತೋಟದ ಯಜಮಾನರ ಮಗಳು ಅವನನ್ನು ಮೆಚ್ಚಿ ಮನೆ ಬಿಟ್ಟು ಬರುತ್ತಾಳೆ. ಲಾರಿಯ ಕ್ಲೀನರ್ ಹೊಟ್ಟೆಕಿಚ್ಚಿನಿಂದ ಡ್ರೈವರ್ ಕಿವಿಗೆ ದಿನಕ್ಕೆ ಒಂದೊಂದು ತೊಟ್ಟು ವಿಷ ಬಿಡುತ್ತಾನೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಒಥೆಲೋ ವೆನಿಸ್ ರಾಜ್ಯದ ಸೇನಾಪತಿ, ಆಫ್ರಿಕಾ ಮೂಲದ ಕಪ್ಪು ಮನುಷ್ಯ, ಮಹಾ ಶೂರ. ಅವನನ್ನು ಪ್ರೀತಿಸಿ ಮದುವೆಯಾದವಳು ಬಿಳಿ ಹುಡುಗಿ ಡೆಸ್ಡಿಮೋನ. ಇಯಾಗೋ ಅನ್ನೋ ಕೈಕೆಳಗಿನವನು ಒಂದು ಕರವಸ್ತ್ರವನ್ನು ಹಿಡಿದುಕೊಂಡು, 'ನಿನ್ನ ಹೆಂಡತಿ ಸರಿಯಿಲ್ಲ' ಅಂತ ನಂಬಿಸುತ್ತಾನೆ. ಒಥೆಲೋ ಹೆಂಡತಿಯ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಸತ್ಯ ತಿಳಿದ ಮೇಲೆ ತಾನೂ ಇರಿದುಕೊಂಡು ಸಾಯುತ್ತಾನೆ. ಒಂದು ಕರ್ಚೀಫಿನಿಂದ ಇಷ್ಟೆಲ್ಲ!

ಈಗ ಮಿತ್ರರ ಸಮಸ್ಯೆ. ಹೀರೋ ಪಾರ್ಟಿಗೆ ಅವರ ಗೆಳೆಯನೇ ಗೊತ್ತಾಗಿದ್ದಾನೆ. ದುಡ್ಡು ಹಾಕುವವನೂ ಅವನೇ. ನೋಡಲು ಬೆಳ್ಳಗೆ, ಗುಂಡಗೆ ಇದ್ದಾನಂತೆ. 'ಮೇಕಪ್‌ನವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಮೈಗೆಲ್ಲ ಕಪ್ಪು ಬಳಿದು, ಗುಂಗುರು ಕೂದಲಿನ ವಿಗ್ ಹಾಕಿದರೆ ಆಯಿತು' ಎಂದು ಬರೆದಿದ್ದಾರೆ. ಕೇಳಿರೋ ಪ್ರಶ್ನೆ ಎರಡು. ಶೇಕ್ಸ್‌ಪಿಯರ್ ಹೆಸರನ್ನು ಟೈಟಲ್ ಕಾರ್ಡಿನಲ್ಲಿ ಹಾಕಲೇಬೇಕಾ? ಹಾಕಿದರೆ ಜನ 'ಕದ್ದ ಕಥೆ' ಅಂತಾರಲ್ಲ? ಎರಡನೆಯದು, ಮೇಕಪ್ ವಿಷಯ ಕೇಳಿ ಇನ್ನೊಬ್ಬ ಸ್ನೇಹಿತ 'ಇದು ತಪ್ಪು ಕಣೋ' ಅಂದುಬಿಟ್ಟನಂತೆ. ಏನು ತಪ್ಪು ಸಾರ್, ಸಿನಿಮಾ ಅಂದ ಮೇಲೆ ವೇಷ ಇರಲ್ವಾ?

ಮೊದಲನೇ ಪ್ರಶ್ನೆ ಸುಲಭ, ಬೇಗ ಮುಗಿಸೋಣ.

ಕದಿಯೋದು ಅಂತ ನೀವು ಯಾವುದಕ್ಕೆ ಹೆದರುತ್ತಿದ್ದೀರೋ ಆ ಕೆಲಸವನ್ನು ಶೇಕ್ಸ್‌ಪಿಯರ್ ಸಾಹೇಬರೇ ಮಾಡಿದ್ದಾರೆ. ಒಥೆಲೋ ಕಥೆ ಅವರದ್ದಲ್ಲ. ಚಿಂತಿಯೋ ಅನ್ನೋ ಇಟಲಿಯ ಲೇಖಕ 1565ರಲ್ಲಿ ಅಚ್ಚು ಹಾಕಿಸಿದ ಕಥೆಗಳ ಪುಸ್ತಕದಿಂದ ಎತ್ತಿಕೊಂಡದ್ದು. ಒಂದು ಸ್ವಾರಸ್ಯ ಹೇಳುತ್ತೇನೆ ಕೇಳಿ. ಆ ಇಟಲಿ ಕಥೆಯಲ್ಲಿ ಹುಡುಗಿಗೆ ಹೆಸರಿದೆ, ಸೇನಾಪತಿಗೆ ಹೆಸರೇ ಇಲ್ಲ! 'ಮೂರ್' ಅಷ್ಟೇ. ನಮ್ಮಲ್ಲಿ 'ಆ ಜಾತಿಯವನು' ಅಂತ ಕರೆದ ಹಾಗೆ. ಅವನಿಗೆ ಒಥೆಲೋ ಅಂತ ಹೆಸರಿಟ್ಟು, ಬಾಯಿಗೆ ಅಂಥ ಮಾತು ಕೊಟ್ಟು, ನಾನೂರು ವರ್ಷ ಜನ ಅವನಿಗಾಗಿ ಕಣ್ಣೀರು ಹಾಕೋ ಹಾಗೆ ಮಾಡಿದ್ದು ಶೇಕ್ಸ್‌ಪಿಯರ್. ತೆಗೆದುಕೊಂಡದ್ದಕ್ಕೆ ಬಡ್ಡಿ ಸಮೇತ ಕೊಟ್ಟ ಪುಣ್ಯಾತ್ಮ.

ನಮ್ಮವರೂ ಹಿಂದೆ ಬಿದ್ದಿಲ್ಲ. ಮೈಸೂರು ಅರಮನೆಯ ಬಸವಪ್ಪ ಶಾಸ್ತ್ರಿಗಳು 19ನೇ ಶತಮಾನದಲ್ಲೇ ಒಥೆಲೋವನ್ನು 'ಶೂರಸೇನ ಚರಿತ್ರೆ' ಮಾಡಿದರು. ಕುವೆಂಪು ಹ್ಯಾಮ್ಲೆಟ್ಟನ್ನು ಬಿದನೂರಿಗೆ ಕರೆತಂದು 'ರಕ್ತಾಕ್ಷಿ' ಬರೆದರು. ಬಿ.ಎಂ.ಶ್ರೀಯವರಂತೂ ಇನ್ನೂ ಗಟ್ಟಿ ಎದೆಯವರು. ಗ್ರೀಕ್ ನಾಟಕಕಾರ ಸಾಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಏಜಾಕ್ಸ್ ಸಾಯುತ್ತಾನಲ್ಲ, ಅದಕ್ಕೆ ನಮ್ಮ ಚಿರಂಜೀವಿ ಅಶ್ವತ್ಥಾಮನನ್ನೂ ಸಾಯಿಸಿಬಿಟ್ಟರು! ಅಜ್ಜಿಯರು ಬೆಳಿಗ್ಗೆ ಎದ್ದು ಚಿರಂಜೀವಿಗಳ ಸಾಲಿನಲ್ಲಿ ಹೆಸರು ಹೇಳುವ ಅಶ್ವತ್ಥಾಮನನ್ನು ಸ್ವಾಮಿ. ಸುಲಭದ ಮಾತಾ?

ಆದರೆ ಇವರು ಯಾರೂ ಮೂಲವನ್ನು ಮುಚ್ಚಿಟ್ಟವರಲ್ಲ. ಅಲ್ಲೇ ಇರೋದು ವ್ಯತ್ಯಾಸ. 2006ರಲ್ಲಿ ವಿಶಾಲ್ ಭಾರದ್ವಾಜ್ 'ಓಂಕಾರ' ಮಾಡಿದಾಗ ಇದು ಒಥೆಲೋ ಅಂತ ರಾಜಾರೋಷವಾಗಿ ಹೇಳಿಕೊಂಡರು. ಯಾರಾದರೂ ಟಿಕೆಟ್ ವಾಪಸ್ ಕೊಟ್ಟರಾ? ಹೆಸರು ಹಾಕಿದರೆ ಮರ್ಯಾದೆ ಹೋಗಲ್ಲ ಮಿತ್ರರೇ, ಹಾಕದೆ ಸಿಕ್ಕಿಬಿದ್ದರೆ ಹೋಗುತ್ತೆ. ಜಪಾನಿನ ಕುರೊಸಾವ ಗೊತ್ತಲ್ಲ? ಮ್ಯಾಕ್‌ಬೆತ್ ನಾಟಕವನ್ನು ಜಪಾನಿನ ಕೋಟೆ ಕೊತ್ತಲಕ್ಕೆ ಇಳಿಸಿ 1957ರಲ್ಲಿ 'ಥ್ರೋನ್ ಆಫ್ ಬ್ಲಡ್' ತೆಗೆದವರು. ಅದೇ ಕುರೊಸಾವರ 'ಯೊಜಿಂಬೊ' ಚಿತ್ರವನ್ನು ಇಟಲಿಯ ಸೆರ್ಜಿಯೋ ಲಿಯೋನೆ ಹೇಳದೆ ಕೇಳದೆ ಕೌಬಾಯ್ ಸಿನಿಮಾ ಮಾಡಿದ. ಅದೇ 1964ರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್', ನಮ್ಮ ಕ್ಲಿಂಟ್ ಈಸ್ಟ್‌ವುಡ್ ಚುಟ್ಟಾ ಕಚ್ಚಿಕೊಂಡು ಬರೋದು. ಜಪಾನಿನವರು ಬಿಡಲಿಲ್ಲ. ಕೊನೆಗೆ ಗಳಿಕೆಯಲ್ಲಿ ನೂರಕ್ಕೆ 15ರ ಪಾಲು ಕೊಟ್ಟು ರಾಜಿಯಾಗಬೇಕಾಯಿತು. ಶೇಕ್ಸ್‌ಪಿಯರ್ ಎದ್ದು ಬಂದು ಕೇಸು ಹಾಕಲ್ಲ, ಕುರೊಸಾವ ಹಾಕಿದರು. ಅಷ್ಟೇ ವ್ಯತ್ಯಾಸ.

ಅಂದ ಹಾಗೆ ಒಂದು ಎಚ್ಚರಿಕೆ. ನೀವು ಓದಿದ್ದು ಕನ್ನಡ ಅನುವಾದ ತಾನೇ? ಅದರ ಮಾತುಗಳನ್ನೇ ಡೈಲಾಗಿಗೆ ಎತ್ತಿಕೊಂಡಿದ್ದರೆ ಅನುವಾದಕರ ಒಪ್ಪಿಗೆ ಬೇಕು. ನಮ್ಮ ಕಾಯಿದೆ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅನುವಾದಕ್ಕೂ ಅಷ್ಟೇ. ಗಿರೀಶ್ ಕಾರ್ನಾಡ್ 2019ರಲ್ಲಿ ತೀರಿಕೊಂಡರು. ಅವರ ನಾಟಕಗಳ ಹಕ್ಕು 2079ರ ಕೊನೆಯವರೆಗೂ ಉಂಟು. 'ಹಳೇ ನಾಟಕ, ಯಾರು ಕೇಳ್ತಾರೆ' ಅಂತ ಗಾಂಧಿನಗರದಲ್ಲಿ ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ.

ಇನ್ನು ಎರಡನೇ ಪ್ರಶ್ನೆ. ಇದಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಒಥೆಲೋ ಪಾತ್ರ ಹುಟ್ಟಿದಾಗಿನಿಂದ ಅದಕ್ಕೆ ಮಸಿ ಬಳಿದುಕೊಂಡವರೇ ಜಾಸ್ತಿ. ಕಪ್ಪು ಮನುಷ್ಯನ ಪಾರ್ಟು, ಆದರೆ ಕಪ್ಪು ಮನುಷ್ಯನಿಗೆ ವೇದಿಕೆ ಮೇಲೆ ಜಾಗ ಇಲ್ಲ. ಐರಾ ಆಲ್ಡ್ರಿಜ್ ಅಂತ ಒಬ್ಬ ನಟ ಇದ್ದ. 1807ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಕರಿಯ ಹುಡುಗ. ಅಮೆರಿಕದಲ್ಲಿ ಆಗಿನ್ನೂ ಗುಲಾಮಗಿರಿ ಇದ್ದ ಕಾಲ. ನಟನಾಗಬೇಕು ಅಂತ ಇಂಗ್ಲೆಂಡಿಗೆ ಹೋದ. 1833ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಥಿಯೇಟರಿನಲ್ಲಿ ಎಡ್ಮಂಡ್ ಕೀನ್ ಅನ್ನೋ ಸೂಪರ್‌ಸ್ಟಾರ್ ಒಥೆಲೋ ಆಡುತ್ತಾ ಆಡುತ್ತಾ ರಂಗದ ಮೇಲೇ ಕುಸಿದು ಬಿದ್ದ. ಕೆಲವೇ ದಿನಕ್ಕೆ ಅದೇ ಥಿಯೇಟರಿನಲ್ಲಿ ಆ ಪಾರ್ಟು ಆಲ್ಡ್ರಿಜ್‌ಗೆ ಬಂತು. ಲಂಡನ್ ಪತ್ರಿಕೆಗಳು ಮುಗಿಬಿದ್ದವು. ಎರಡೇ ಆಟ! ನಾಟಕ ನಿಂತುಹೋಯಿತು. ಮನುಷ್ಯ ಬಿಟ್ಟನೇ? ಯೂರೋಪೆಲ್ಲ ಸುತ್ತಿದ, ರಷ್ಯಾದವರೆಗೂ ಹೋದ, ಎಲ್ಲಿ ಹೋದರೂ ಚಪ್ಪಾಳೆ. ಒಥೆಲೋ ಮಾತ್ರ ಅಲ್ಲ, ಲಿಯರ್ ರಾಜ, ಮ್ಯಾಕ್‌ಬೆತ್ ಎಲ್ಲ ಮಾಡಿದ, ಮುಖಕ್ಕೆ ಬಿಳಿ ಬಳಿದುಕೊಂಡು! 1867ರಲ್ಲಿ ಪೋಲೆಂಡಿನ ಊಡ್ಜ್ ಪಟ್ಟಣದಲ್ಲಿ ಸತ್ತ, ಸಮಾಧಿ ಅಲ್ಲೇ ಇದೆ. ಹುಟ್ಟಿದ ಊರಿಗೆ ಮತ್ತೆ ಹೋಗಿ ಆಡೋ ಯೋಗ ಅವನಿಗೆ ಬರಲೇ ಇಲ್ಲ.

ನಮ್ಮ ದೇಶದ್ದೂ ಒಂದು ಕೇಳಿ. 1848ರಲ್ಲಿ ಕಲ್ಕತ್ತೆಯ ಸಾಂಸೂಸಿ ಥಿಯೇಟರಿನಲ್ಲಿ ಇಂಗ್ಲಿಷಿನವರ ನಡುವೆ ವೈಷ್ಣವಚರಣ ಆಢ್ಯ ಅನ್ನೋ ಬಂಗಾಳಿ ತರುಣ ಒಥೆಲೋ ಆಗಿ ನಿಂತ. ಎದುರಿಗೆ ಡೆಸ್ಡಿಮೋನ ಬಿಳಿ ಹೆಂಗಸು. ಆಗಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ 'ಬಣ್ಣ ಹಚ್ಚದ ಅಸಲಿ ಕರಿಯ' ಅನ್ನೋ ಧಾಟಿಯಲ್ಲಿ ಕುಹಕ ಅಚ್ಚಾಯಿತು. ಅಲ್ರೀ, ಆ ಹುಡುಗ ಆಫ್ರಿಕಾದವನಲ್ಲ, ಕಲ್ಕತ್ತೆಯವನು! ಬಿಳಿಯರ ಕಣ್ಣಿಗೆ ಎರಡೂ ಒಂದೇ. ನಾವು ಉತ್ತರದವರು ನಮ್ಮನ್ನೆಲ್ಲ 'ಮದ್ರಾಸಿ' ಅಂದರೆ ಉರಿದು ಬೀಳುತ್ತೇವಲ್ಲ, ಹಾಗೆ.

ಆಮೇಲೆ ಬಂದವನು ಪಾಲ್ ರಾಬ್ಸನ್. ಗಾಯಕ, ನಟ, ಆಳೂ ಭಾರಿ, ದನಿಯೂ ಭಾರಿ. 1930ರಲ್ಲಿ ಲಂಡನ್ನಿನಲ್ಲಿ ಒಥೆಲೋ ಮಾಡಿದ. 1943ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಶುರುವಾದದ್ದು 296 ಆಟ ಓಡಿತು. ಅಲ್ಲಿ ಶೇಕ್ಸ್‌ಪಿಯರ್ ನಾಟಕಕ್ಕೆ ಅದು ದಾಖಲೆ. ಆಮೇಲೆ ಊರೂರು ಹೊರಟಾಗ, ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವ ಥಿಯೇಟರಿನಲ್ಲಿ ಆಡಲ್ಲ ಅಂತ ಹಟ ಹಿಡಿದ. ಇಂಥವನ ಒಥೆಲೋವನ್ನು ಹಾಲಿವುಡ್ ಸಿನಿಮಾ ಮಾಡಬೇಕಿತ್ತಲ್ಲವೇ? ಮಾಡಲಿಲ್ಲ.

ಸಿನಿಮಾ ಮಾಡಿದವರು ಯಾರು? 1952ರಲ್ಲಿ ಕಾನ್ ಉತ್ಸವದಲ್ಲಿ ಬಹುಮಾನ ಹೊಡೆದದ್ದು ಆರ್ಸನ್ ವೆಲ್ಸ್ ಸಿನಿಮಾ, ಮುಖಕ್ಕೆ ಕಪ್ಪು ಹಚ್ಚಿಕೊಂಡು. (ದುಡ್ಡಿಲ್ಲದೆ ವರ್ಷಗಟ್ಟಲೆ ತೆಗೆದ ಚಿತ್ರ. ಕಾಸ್ಟ್ಯೂಮ್ ಬರಲಿಲ್ಲ ಅಂತ ಒಂದು ಕೊಲೆ ಸೀನನ್ನು ಸ್ನಾನದ ಮನೆಯಲ್ಲಿ ಟವೆಲ್ ಸುತ್ತಿಸಿ ತೆಗೆದದ್ದು ಇದರಲ್ಲೇ. ಡೈರೆಕ್ಟರ್ ಆಗೋರು ಹುಡುಕಿ ನೋಡಿ.) 1965ರಲ್ಲಿ ಲಾರೆನ್ಸ್ ಒಲಿವಿಯರ್. ನಟನೆಗೆ ಆಸ್ಕರ್ ನಾಮಕರಣವೂ ಆಯಿತು. ನಾನು ಅದನ್ನು ನೋಡಿದ್ದೇನೆ. ದನಿ ಇಳಿಸಿ, ನಡಿಗೆ ಬದಲಿಸಿ, ಉಗುರಿನ ತುದಿಯವರೆಗೆ ಬಣ್ಣ ಹೊಡೆದುಕೊಂಡು ಏನು ಕಷ್ಟ ಪಟ್ಟಿದ್ದಾನೆ ಮಹಾರಾಯ! ಮೆಚ್ಚಬೇಕು ಅನ್ನೋ ಹೊತ್ತಿಗೆ ಕಣ್ಣು ಉರುಟಿಸುತ್ತಾನೆ, ಮೈ ಕುಲುಕಿಸುತ್ತಾನೆ, ನನಗೆ ಕೂತಲ್ಲೇ ಮುಜುಗರ. ಒಬ್ಬ ಮನುಷ್ಯನ ನೋವು ತೋರಿಸ್ತಾ ಇಲ್ಲ, 'ಕರಿಯರು ಹೀಗಿರ್ತಾರೆ' ಅಂತ ತೋರಿಸ್ತಾ ಇದ್ದಾನೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಒಬ್ಬ ಪ್ರೊಫೆಸರು ಏನೂ ಮುನ್ಸೂಚನೆ ಕೊಡದೆ ಇದೇ ಸಿನಿಮಾವನ್ನು ಕ್ಲಾಸಿನಲ್ಲಿ ಹಾಕಿ, ವಿದ್ಯಾರ್ಥಿಗಳ ಗಲಾಟೆಯಾಗಿ ಆ ಕ್ಲಾಸನ್ನೇ ಬಿಟ್ಟುಕೊಡಬೇಕಾಯಿತು. ಅಷ್ಟು ಹೋಗಬೇಕಿತ್ತೇ ಅಂದರೆ ಬೇಡವಿತ್ತು ಅಂತಲೇ ನಾನು ಹೇಳುತ್ತೇನೆ. ಆದರೆ ಹುಡುಗರಿಗೆ ಚುಚ್ಚಿದ್ದು ಏನು ಅನ್ನೋದು ಸಿನಿಮಾ ನೋಡಿದರೆ ತಿಳಿಯುತ್ತೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದವರು ಒಥೆಲೋಗೆ ಕಪ್ಪು ಬಳಿಯೋದನ್ನು 2015ರಲ್ಲಿ ನಿಲ್ಲಿಸಿದರು. ದೊಡ್ಡ ಸ್ಟುಡಿಯೋದ ಒಥೆಲೋ ಚಿತ್ರದಲ್ಲಿ ಕರಿಯ ನಟನೇ ಬಂದದ್ದು 1995ಕ್ಕೆ, ಲಾರೆನ್ಸ್ ಫಿಶ್‌ಬರ್ನ್. ಪಾತ್ರ ಹುಟ್ಟಿ ಸುಮಾರು 390 ವರ್ಷದ ಮೇಲೆ!

'ಸಾರ್, ಹಾಗಾದರೆ ನಮ್ಮ ಅಜಯ್ ದೇವಗನ್ ಆಫ್ರಿಕಾದವರಾ?' ಅಂತ ನೀವು ಕೇಳಬಹುದು. ಅಲ್ಲ. ಅಲ್ಲೇ ಭಾರದ್ವಾಜ್ ಜಾಣತನ. ಅವರು ಬಣ್ಣ ತರಲಿಲ್ಲ, ಬಣ್ಣದ ಹಿಂದಿನ ಅವಮಾನ ತಂದರು. ಉತ್ತರಪ್ರದೇಶದ ಹಳ್ಳಿ, ಬ್ರಾಹ್ಮಣ ಅಪ್ಪ, ಕೆಳಜಾತಿಯ ಅಮ್ಮ, 'ಅರ್ಧ ಜಾತಿಯವನು' ಅನ್ನೋ ಚುಚ್ಚುಮಾತು. ಕರ್ಚೀಫಿನ ಬದಲು ಸೊಂಟದ ಡಾಬು. ಅದಕ್ಕೂ ಮುಂಚೆ, 1997ರಲ್ಲಿ, ಮಲಯಾಳದ ಜಯರಾಜ್ 'ಕಳಿಯಾಟ್ಟಂ' ಮಾಡಿದ್ದರು. ಒಥೆಲೋ ಅಲ್ಲಿ ತೆಯ್ಯಂ ಕಟ್ಟುವ ಕೆಳಜಾತಿಯ ಕಲಾವಿದ, ಮುಖದ ತುಂಬ ಸಿಡುಬಿನ ಕಲೆ. ಬಣ್ಣ ಹಚ್ಚಿದಾಗ ಊರೆಲ್ಲ ಕಾಲಿಗೆ ಬೀಳುತ್ತೆ, ಬಣ್ಣ ತೊಳೆದ ಮೇಲೆ ದೂರ ನಿಲ್ಲಿಸುತ್ತೆ. ಹೇಗಿದೆ ಯೋಚನೆ! ಸುರೇಶ್ ಗೋಪಿಗೆ ರಾಷ್ಟ್ರಪ್ರಶಸ್ತಿ ಬಂತು, ಜಯರಾಜ್‌ಗೂ ಬಂತು. ಶೇಕ್ಸ್‌ಪಿಯರ್ ಎದ್ದು ಬಂದು ನೋಡಿದ್ದರೂ 'ಇದು ನನಗೆ ಹೊಳೆಯಲಿಲ್ಲವಲ್ಲ' ಅಂತಿದ್ದರೇನೋ.

ಇವರಿಬ್ಬರೂ ಸುಮ್ಮನೆ ಜಾತಿಯ ಹೆಸರೊಂದನ್ನು ಇಟ್ಟು ಕೈತೊಳೆದುಕೊಂಡವರಲ್ಲ. ನೀವು ಹೊರಟಿರೋದು ಬೇರೆ ದಾರಿ ಮಿತ್ರರೇ. ನಿಮ್ಮ ಹೀರೋ ಸಿದ್ದಿ. ಸಿದ್ದಿಗಳು ಕಟ್ಟುಕಥೆಯಲ್ಲ, ಆಫ್ರಿಕಾದಿಂದ ಹಿಂದೆ ಬಂದ, ಬಹುಮಟ್ಟಿಗೆ ಗುಲಾಮರಾಗಿ ಹಡಗು ಹತ್ತಿಸಿಕೊಂಡು ಬಂದ ಜನರ ಮಕ್ಕಳು. ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯಲ್ಲಿದ್ದಾರೆ. ಹಿಂದೂಗಳು, ಮುಸಲ್ಮಾನರು, ಕ್ರಿಶ್ಚಿಯನ್ನರು ಮೂರೂ ಇದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ನಿಮ್ಮೂರ ಬಸ್ಸಿನಲ್ಲಿ ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರು. ಒಥೆಲೋ ಆಗಲು ಹುಟ್ಟಿದಂಥ ಹುಡುಗರು ಪಕ್ಕದಲ್ಲೇ ಇರುವಾಗ ಬಿಳಿ ಗೆಳೆಯನಿಗೆ ಮಸಿ ಬಳಿಯಲು ಬೆಂಗಳೂರಿನಿಂದ ಮೇಕಪ್‌ನವರನ್ನು ಕರೆಸೋದೇ?

'ಅವರಿಗೆ ನಟನೆ ಬರಬೇಕಲ್ಲ' ಅನ್ನಬೇಡಿ. 1980ರ ದಶಕದಲ್ಲೇ ಮಂಚಿಕೇರಿಯಲ್ಲಿ ಸಿದ್ದಿಗಳು ನೈಜೀರಿಯಾದ ಚಿನುವ ಅಚೆಬೆಯ ಕಾದಂಬರಿಯನ್ನು ಕನ್ನಡ ನಾಟಕವಾಗಿ ಆಡಿದ್ದಾರೆ, ಚಿದಂಬರರಾವ್ ಜಂಬೆಯವರು ಆಡಿಸಿದ್ದು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯನ್ನು ನೀವು ತೆರೆಯ ಮೇಲೆ ಎಷ್ಟು ಸಲ ನೋಡಿಲ್ಲ? 2021ರ 'ಸಲಗ' ಚಿತ್ರದ ಹಾಡಿಗೆ ಸಿದ್ದಿ ಕಲಾವಿದರು ದನಿ ಕೊಟ್ಟಾಗ ನೀವೂ ಕುಣಿದಿರುತ್ತೀರಿ. ಹಾಡಿಗೆ ಆಗುತ್ತೆ, ತಮಾಷೆ ಪಾರ್ಟಿಗೆ ಆಗುತ್ತೆ. ಹೀರೋ ಅಂದ ಕೂಡಲೇ ನಮಗೆ ಬೆಳ್ಳಗಿನ ಗೆಳೆಯನೇ ಬೇಕು.

ಇಲ್ಲಿ ನನ್ನದೊಂದು ಹಳೇ ಪಾಪ ಹೇಳಿಕೊಳ್ಳಬೇಕು. ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ಡೇಗೆ ನಾಟಕ. ಡೈರೆಕ್ಷನ್ ನಂದೇ. ಅದರಲ್ಲೊಬ್ಬ ಕಾಡುಮನುಷ್ಯ ಬರುತ್ತಾನೆ. ಸೊಂಟಕ್ಕೆ ಸೊಪ್ಪು, ಕೈಯಲ್ಲಿ ಭರ್ಜಿ, ಬಾಯಲ್ಲಿ 'ಹೂಂ ಹಾಂ' ಬಿಟ್ಟರೆ ಬೇರೇನಿಲ್ಲ. ಹಾಸ್ಟೆಲಿನಲ್ಲಿ ಒಬ್ಬ ಸಿದ್ದಿ ಹುಡುಗ ಇದ್ದ, ಒಳ್ಳೇ ಓದುವವನು, ನಮಗಿಂತ ಚೆನ್ನಾಗಿ ರಾಜಕುಮಾರ್ ಡೈಲಾಗು ಹೊಡೆಯುವವನು. 'ಬಾರಯ್ಯ, ನಿನಗೆ ಮೇಕಪ್ ಖರ್ಚೂ ಇಲ್ಲ' ಅಂತ ನಾವೇ ಹೋಗಿ ಕರೆದೆವು. ಅವನು ಬಟ್ಟೆ ಒಗೀತಾ ಇದ್ದ. ತಲೆ ಎತ್ತದೆ ಹೇಳಿದ: 'ಮಾತಿರೋ ಪಾರ್ಟ್ ಇದ್ರ ಹೇಳ್ರಿ, ಮಾಡ್ತೀನಿ.'

ನಾವು ನಕ್ಕುಬಿಟ್ಟೆವು. ಜೋಕು ಅಂದುಕೊಂಡೆವು. ಕೊನೆಗೆ ಇನ್ನೊಬ್ಬನಿಗೆ ಲಾಂಡ್ರಿ ನೀಲಿಯಲ್ಲಿ ಇದ್ದಿಲು ಕಲಸಿ ಬಳಿದೆವು. ಹಾಸ್ಟೆಲ್ಲೆಲ್ಲ ಬಿದ್ದು ಬಿದ್ದು ನಕ್ಕಿತು. ಆ ಹುಡುಗ ಅವತ್ತು ನಾಟಕಕ್ಕೇ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಾನು ಕೇಳಲಿಲ್ಲ, ಪರೀಕ್ಷೆ ಮುಗಿಸಿ ಊರಿಗೆ ಹೋದವನು ಮತ್ತೆ ಸಿಗಲಿಲ್ಲ. ಅವನು ಕೇಳಿದ್ದು ನ್ಯಾಯವಾದದ್ದು ಅಂತ ನನಗೆ ತಿಳಿಯಲು ಎಷ್ಟೋ ವರ್ಷ ಹಿಡಿಯಿತು.

ಇನ್ನೂ ಒಂದು ತೊಡಕಿದೆ, ಅದು ಮೇಕಪ್ ಬಿಟ್ಟರೂ ಹೋಗುವುದಿಲ್ಲ. ನಿಮ್ಮ ಕಥೆಯಲ್ಲಿ ಸಿದ್ದಿ ಹೀರೋ ಕೊನೆಗೆ ಹೆಂಡತಿಯನ್ನು ಕೊಲ್ಲುತ್ತಾನೆ. ಸಿನಿಮಾ ಬಿಟ್ಟು ಹೊರಬಂದ ಜನ 'ಒಬ್ಬ ಮನುಷ್ಯ ಸಂಶಯದಿಂದ ಕೆಟ್ಟ' ಅಂತಾರೋ, 'ಇವರೇ ಹೀಗೆ' ಅಂತಾರೋ? ಹ್ಯೂ ಕ್ವಾರ್ಶಿ ಅನ್ನೋ ಕಪ್ಪು ನಟ (1999ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಕ್ಯಾಪ್ಟನ್ ಪನಾಕ ಆಗಿದ್ದವರು) 1998ರಲ್ಲಿ ಒಂದು ಭಾಷಣದಲ್ಲಿ ಇದನ್ನೇ ಎತ್ತಿದರು. ಕಪ್ಪು ನಟರು ಒಥೆಲೋ ಮಾಡದೇ ಇರೋದೇ ವಾಸಿಯೇನೋ, ಮಾಡಿದರೆ ಕಪ್ಪು ಮನುಷ್ಯ ಅಂದರೆ ಸಿಟ್ಟು, ಸಂಶಯ, ಕೊಲೆ ಅನ್ನೋ ಹಳೇ ನಂಬಿಕೆಗೆ ನಾವೇ ಮುದ್ರೆ ಒತ್ತಿದ ಹಾಗೆ ಅಂತ ಅವರ ವಾದ. ಆದರೆ 2015ರಲ್ಲಿ ಅವರೇ ಒಥೆಲೋ ಮಾಡಿದರು, ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲಿ! ಮನಸ್ಸು ಬದಲಾಯಿತೇ? ಈ ಸಲ ಇಯಾಗೋ ಕೂಡ ಕಪ್ಪು ನಟ, ಲೂಷಿಯನ್ ಎಂಸಮಾಟಿ. ವಿಷ ಹಾಕುವವನೂ ಅದೇ ಬಣ್ಣದವನಾದ ಮೇಲೆ ಬಣ್ಣದ ಮೇಲೆ ತಪ್ಪು ಹೊರಿಸೋದು ಹೇಗೆ? ಮೂಲ ನಾಟಕ ಇಟ್ಟುಕೊಂಡೇ ಗಂಟು ಬಿಚ್ಚಿದರು ನೋಡಿ. ನಿಮ್ಮ ಕ್ಲೀನರ್ ಯಾರು ಅನ್ನೋದನ್ನು ಇನ್ನೊಮ್ಮೆ ಯೋಚಿಸಿ. ಕೊಲೆ ಸೀನಿಗೆ ಮುಂಚೆ ಡ್ರೈವರನನ್ನು ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮಾವನ ಮನೆ ಜಗಲಿಯಲ್ಲಿ ಊರು ಹೇಗೆ ನಡೆಸಿಕೊಂಡಿತು ಅನ್ನೋದು ನಿಮ್ಮ ಸ್ಕ್ರಿಪ್ಟಿನಲ್ಲಿ ಎಷ್ಟು ಸೀನಿದೆ? ನೀವು ಬರೆದ ಸಾರಾಂಶದಲ್ಲಿ ನನಗೆ ಒಂದೂ ಕಾಣಲಿಲ್ಲ. ಅದಿಲ್ಲದಿದ್ದರೆ ಇಯಾಗೋ ಮಾತು ಅವನ ಕಿವಿಗೆ ಯಾಕೆ ಅಷ್ಟು ಸುಲಭವಾಗಿ ಇಳಿಯಿತು ಅನ್ನೋದೇ ಗೊತ್ತಾಗಲ್ಲ.

ಅದಕ್ಕೇ ಹೇಳೋದು, ಸ್ಕ್ರಿಪ್ಟ್ ಸುಟ್ಟುಹಾಕಬೇಡಿ. ಚೆನ್ನಾಗಿದೆ. ಮಂಚಿಕೇರಿ ಕಡೆ ಬಸ್ಸು ಹತ್ತಿ. ಸಿದ್ದಿ ಹುಡುಗರನ್ನು, ಹಿರಿಯರನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿ. ಹೆಂಗಸರೂ ಇರಲಿ, ಸಾಯೋದು ಹೆಂಗಸಲ್ಲವೇ. ಬೈದರೆ ಬೈಸಿಕೊಳ್ಳಿ. 'ನಮ್ಮಲ್ಲಿ ಹೀಗೆ ಮಾತಾಡಲ್ಲ' ಅಂದರೆ ಬರೆದುಕೊಳ್ಳಿ. 'ಈ ಸೀನು ಬೇಡ' ಅಂದರೆ ಯಾಕೆ ಅಂತ ಕೇಳಿ, ಕೇಳಿದ ಮೇಲೆ ಇಟ್ಟುಕೊಳ್ಳೋದೋ ಬಿಡೋದೋ ಡೈರೆಕ್ಟರ್ ನೀವು. ಹೀರೋ ಅಲ್ಲೇ ಎಲ್ಲೋ ಕೂತಿರುತ್ತಾನೆ. ಸಂಬಳ ಸರಿಯಾಗಿ ಕೊಡಿ, ಪೋಸ್ಟರಿನಲ್ಲಿ ಮುಖ ದೊಡ್ಡದಾಗಿ ಹಾಕಿ, ಟೈಟಲ್ ಕಾರ್ಡಿನಲ್ಲಿ ಶೇಕ್ಸ್‌ಪಿಯರ್ ಕೆಳಗೆ ಅನುವಾದಕರ ಹೆಸರು ಮರೆಯಬೇಡಿ.

ದುಡ್ಡು ಹಾಕೋ ಗೆಳೆಯ ಮುನಿಸಿಕೊಂಡರೆ? ಅವನಿಗೆ ಕ್ಲೀನರ್ ಪಾರ್ಟು ಕೊಡಿ. ಕ್ವಾರ್ಶಿ ದಾರಿ ಹಿಡಿದು ಕ್ಲೀನರನ್ನೂ ಸಿದ್ದಿ ಮಾಡಿದರೆ, ಡೆಸ್ಡಿಮೋನಳ ಅಪ್ಪನ ಪಾರ್ಟು ಖಾಲಿ ಇದೆ, ಗುಂಡಗೆ ಬೆಳ್ಳಗೆ ಇರೋದು ಅದಕ್ಕೆ ಸರಿಹೋಗುತ್ತೆ. ಕ್ಲೀನರ್ ಪಾರ್ಟು ಚಿಕ್ಕದು ಅಂತ ಗೊಣಗಿದರೆ ಇಷ್ಟು ಹೇಳಿ: ಮೂಲ ನಾಟಕದಲ್ಲಿ ಒಥೆಲೋಗಿಂತ ಇಯಾಗೋಗೇ ಮಾತು ಜಾಸ್ತಿ. 'ಓಂಕಾರ' ಬಂದಾಗ ಶಿಳ್ಳೆ ಬಿದ್ದದ್ದೂ ಕುಂಟಿಕೊಂಡು ಬಂದ ಲಂಗ್ಡಾ ತ್ಯಾಗಿ ಸೈಫ್ ಅಲಿ ಖಾನನಿಗೇ. ಮೇಕಪ್‌ನವರಿಗೆ ಕೊಟ್ಟ ಅಡ್ವಾನ್ಸ್ ಮಾತ್ರ ವಾಪಸ್ ಬರೋದು ಅನುಮಾನ.